ಬೇಸಿಗೆ ರಜೆಗೆ ಕಾಡಿನ ಸಂಶೋಧನೆ: ಅರ್ಜಿ ಹೇಗೆ?

ಪ್ರಶ್ನೆ: ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ, ಬಿ.ಎಸ್ಸಿ. ಎರಡನೇ ವರ್ಷ. ಪರಿಸರ ಸಂಶೋಧನೆಯ ಇಂಟರ್ನ್‌ಶಿಪ್‌ಗೆ ನಮ್ಮ ಪೋಡಿನ (ಸೋಲಿಗರ ಹಾಡಿಯ) ಹಿರಿಯರಿಂದ ಕಲಿತದ್ದನ್ನು ಅರ್ಜಿಯಲ್ಲಿ ಬರೆಯಬಹುದೇ?

ಉತ್ತರ: ಧಾರಾಳವಾಗಿ ಬರೆಯಿರಿ, ಅದೇ ನಿಮ್ಮ ಬಲ. ‘ಪರಿಸರವೆಂದರೆ ನನಗೆ ಪ್ರೀತಿ’ ಎಂಬ ಸಾಲು ಮಾತ್ರ ಬೇಡ. ಬದಲಿಗೆ ಒಂದು ಪ್ರಶ್ನೆ ಇಡಿ. ಒಣಗಿದ ಎಲೆಗೆ ಹಚ್ಚುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಎಂಬ ಪೊದೆ ಕಳೆ ಹಬ್ಬಿತು ಎನ್ನುತ್ತಾರೆ ಸೋಲಿಗ ಹಿರಿಯರು. ಹಾಗಾದರೆ ಲಂಟಾನ ದಟ್ಟವಾಗಿರುವಲ್ಲಿ ನೆಲ್ಲಿ ಸಸಿ ಎಷ್ಟಿವೆ, ಇಲ್ಲದಲ್ಲಿ ಎಷ್ಟಿವೆ? 10 ಮೀಟರ್ ಉದ್ದಗಲದ ಚೌಕ ಹಾಕಿ ಎಣಿಸಿದರೆ ಎರಡು ತಿಂಗಳಿಗೆ ತಕ್ಕ ಕೆಲಸ. ಚೌಕದೊಳಗಿನ ಮರಗಳನ್ನೂ ಅಳೆಯುವುದಾದರೆ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ತೆಗೆಯಿರಿ, ಇಳಿಜಾರಿನಲ್ಲಾದರೆ ಮೇಲ್ಬದಿಯಿಂದ. ಟೇಪು ಓರೆಯಾದರೆ ಅಳತೆ ಹೆಚ್ಚು ಬರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳೊಡನೆ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ನಡೆಸುತ್ತದೆ. ಅಧ್ಯಾಪಕರ ಶಿಫಾರಸು ಪತ್ರ ತಡವಾಗಿಯೇ ಎಷ್ಟೋ ಅರ್ಜಿ ಕೆಡುತ್ತವೆ. ಮೂರು ವಾರ ಮೊದಲೇ ಕೇಳಿ. ಬೆಟ್ಟದಲ್ಲೇ ಬಹುಕಾಲದಿಂದ ಕೆಲಸ ಮಾಡುತ್ತಿರುವ ಏಟ್ರೀ (ATREE) ಎಂಬ ಪರಿಸರ ಸಂಶೋಧನಾ ಸಂಸ್ಥೆಯಲ್ಲೂ ವಿಚಾರಿಸಿ.

ಹುಟ್ಟಿದ ಕಾಡೇ ಆದರೂ, ಅಭಯಾರಣ್ಯದೊಳಗೆ ಸಂಶೋಧನೆಗೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅದಕ್ಕೆ ಒಂದು ರಜೆ ಸಾಲದು. ಈಗಾಗಲೇ ಅನುಮತಿ ಇರುವ ಯೋಜನೆಗೆ ಸೇರುವುದೇ ಸರಿ.

ಮದ್ದಿನ ಗಿಡಗಳ ವಿಷಯ ಗ್ರಾಮಸಭೆ ಒಪ್ಪದೆ ವರದಿಗೆ ಹೋಗಕೂಡದು. 2006ರ ಅರಣ್ಯ ಹಕ್ಕು ಕಾಯ್ದೆ ಸಾಂಪ್ರದಾಯಿಕ ಜ್ಞಾನದ ಮೇಲಿನ ಹಕ್ಕನ್ನು ಸಮುದಾಯಕ್ಕೇ ಕೊಟ್ಟಿದೆ. ವರದಿಯಲ್ಲಿ ಯಾರ ಯಾರ ಹೆಸರು ಬರುತ್ತದೆ ಎಂಬುದನ್ನು ಕೆಲಸಕ್ಕೆ ಸೇರುವ ಮೊದಲೇ ಮಾರ್ಗದರ್ಶಕರಿಂದ ಬರೆಸಿಕೊಳ್ಳಿ.