ಕುದುರೆಯ ಒಡನಾಟ, ಮನಸ್ಸಿನ ನೆಮ್ಮದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಾಣಿಗಳ ನೆರವಿನಿಂದ ನೀಡುವ ಚಿಕಿತ್ಸೆಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕುದುರೆಗೆ ಸಂಬಂಧಿಸಿದವು. ಬರೆದವರ ಹೆಸರು ಬಿಟ್ಟು, ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಆಟಿಸಂ ಇದೆ. ಬಿಡಿ ಪದಗಳನ್ನಷ್ಟೇ ಆಡುತ್ತಾನೆ, ಗದ್ದಲವಾದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ದಸರೆಯ ತಾಲೀಮಿಗೆಂದು ಪೊಲೀಸ್ ಅಶ್ವದಳದ ಕುದುರೆಗಳು ಸಾಗುತ್ತಿದ್ದಾಗ ಮಾತ್ರ ಕೈ ಇಳಿಸಿ ಸುಮ್ಮನೆ ನೋಡುತ್ತ ನಿಂತಿದ್ದ. ಅವನಿಗೆ ಕುದುರೆ ಸವಾರಿಯ ಚಿಕಿತ್ಸೆ ಕೊಡಿಸಿ ಎಂದು ನಮ್ಮ ಭಾವ ಹೇಳುತ್ತಿದ್ದಾರೆ. ಅದರಿಂದ ಮಾತು ಬರುತ್ತದೆಯೇ? ಸ್ಪೀಚ್ ಥೆರಪಿ ನಿಲ್ಲಿಸಿ ಆ ಹಣವನ್ನು ಇದಕ್ಕೆ ಹಾಕಬಹುದೇ?
— ಒಬ್ಬ ತಾಯಿ, ಮೈಸೂರು

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುವುದು ಒಳಿತು: ಸ್ಪೀಚ್ ಥೆರಪಿಯನ್ನು ನಿಲ್ಲಿಸಬೇಡಿ. ಕುದುರೆಯ ಚಿಕಿತ್ಸೆ ಚೆನ್ನಾಗಿ ಬೇರೂರಿರುವ ದೇಶಗಳಲ್ಲಿಯೂ ಅದನ್ನು ಉಳಿದ ಚಿಕಿತ್ಸೆಗಳ ಜೊತೆಗೇ ಕೊಡುತ್ತಾರೆ. ನಿಮ್ಮ ಊರಿನಲ್ಲಿಯೇ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಅಂಥ ಅನುಕೂಲ ಕೈಗೆಟಕುವಂತಿರುವಾಗ ಅದನ್ನು ಬಿಟ್ಟು ಬೇರೆಡೆಗೆ ಹಣ ಹಾಕುವುದು ಸರಿಯಲ್ಲ.

ಇನ್ನು ಮಾತಿನ ವಿಷಯ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆಟಿಸಂ ಇರುವ, 6ರಿಂದ 16 ವರ್ಷದ 127 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 10 ವಾರ ಸವಾರಿ ಕಲಿಸಿದರು. ಇನ್ನೊಂದು ಗುಂಪಿನ ಮಕ್ಕಳು ಲಾಯದ ಆವರಣಕ್ಕೆ ಬಂದು ಕುದುರೆಯ ವಿಷಯವನ್ನೇ ಕಲಿತರೂ ಜೀವಂತ ಕುದುರೆಯ ಸಂಪರ್ಕ ಅವರಿಗಿರಲಿಲ್ಲ. ಸವಾರಿ ಮಾಡಿದ ಮಕ್ಕಳಲ್ಲಿ ಸಿಡುಕು ಮತ್ತು ಅತಿಚಟುವಟಿಕೆ ಹೆಚ್ಚು ತಗ್ಗಿದವು, ಆಡುವ ಪದಗಳ ಸಂಖ್ಯೆಯೂ ಏರಿತು. ಮನೆಯಿಂದ ಹೊರಗೆ, ಬಯಲಿಗೆ ಕರೆದೊಯ್ದರೆ ಯಾವ ಮಗುವೂ ಒಂದಿಷ್ಟು ಗೆಲುವಾಗುತ್ತದೆ. ಆ ಗೆಲುವನ್ನು ಕುದುರೆಯ ಲೆಕ್ಕಕ್ಕೆ ಬರೆಯದಂತೆ ಎರಡನೆಯ ಗುಂಪನ್ನು ಇಟ್ಟುಕೊಂಡಿದ್ದರಿಂದಲೇ ಈ ಅಧ್ಯಯನದ ಮಾತಿಗೆ ತೂಕವಿದೆ. ಆದರೆ ಇವೆಲ್ಲ ಗುಂಪಿನ ಸರಾಸರಿಗಳು. ನಿಮ್ಮ ಮಗನಿಗೆ ಇಷ್ಟು ದಿನದಲ್ಲಿ ಮಾತು ಬರುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಮಾತಿಗೂ ಕುದುರೆಗೂ ನಂಟು ಎಲ್ಲಿದೆ ಎಂಬುದನ್ನು ಒಂದು ಪಾಠವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಲಗಾಮಿನ ಹಗ್ಗ ಹಿಡಿದು ಒಬ್ಬರು ಮುಂದೆ ನಡೆಯುತ್ತಾರೆ, ಎಡಬಲಕ್ಕೆ ಮಗುವಿನ ತೊಡೆಗೆ ಕೈ ಆನಿಸಿಕೊಂಡು ಸಹಾಯಕರಿರುತ್ತಾರೆ, ಥೆರಪಿಸ್ಟ್ ಪಕ್ಕದಲ್ಲಿ ಬರುತ್ತಾರೆ. ಒಂದು ಸುತ್ತು ಹೋದ ಮೇಲೆ ಥೆರಪಿಸ್ಟ್ ಸನ್ನೆ ಮಾಡುತ್ತಾರೆ, ಕುದುರೆ ನಿಲ್ಲುತ್ತದೆ. ಯಾರೂ ಏನೂ ಹೇಳುವುದಿಲ್ಲ, ಕಾಯುತ್ತಾರೆ. ಮಗು ‘ನಡಿ’ ಎಂದರೆ, ಅಥವಾ ಬಾಯಿ ಬಾರದಿದ್ದರೆ ಕುದುರೆಯ ಕುತ್ತಿಗೆಯನ್ನು ತಟ್ಟಿದರೆ, ಅಷ್ಟು ದೊಡ್ಡ ಪ್ರಾಣಿ ತಕ್ಷಣ ಹೆಜ್ಜೆ ಹಾಕುತ್ತದೆ. ಮೇಜಿನ ಮುಂದೆ ಕುಳಿತು ಚಿತ್ರದ ಕಾರ್ಡು ತೋರಿಸಿ ಹೇಳಿಸುವ ಪದಕ್ಕೆ ಇಷ್ಟು ಖಚಿತವಾದ ಪ್ರತಿಫಲ ಇರುವುದಿಲ್ಲ. ಆದ್ದರಿಂದ ಈಗಿನ ಸ್ಪೀಚ್ ಥೆರಪಿಸ್ಟ್ ಯಾವ ಪದಗಳನ್ನು ಕಲಿಸುತ್ತಿದ್ದಾರೆಂಬುದು ಕುದುರೆಯ ಕೇಂದ್ರದವರಿಗೂ ಗೊತ್ತಿರಬೇಕು. ಇಬ್ಬರೂ ಫೋನಿನಲ್ಲಾದರೂ ಮಾತಾಡುವಂತೆ ನೋಡಿಕೊಳ್ಳಿ.

ಹೊರಡುವ ಮುನ್ನ ಮಕ್ಕಳ ವೈದ್ಯರನ್ನು ಕಾಣಿರಿ. ಹತೋಟಿಗೆ ಬಾರದ ಫಿಟ್ಸ್ ಇದ್ದರೆ, ಪ್ರಾಣಿಗಳ ಕೂದಲಿಗೆ ಉಬ್ಬಸ ಬರುವಂತಿದ್ದರೆ ಸವಾರಿ ಸಲ್ಲದು. ಕುದುರೆಯ ಲದ್ದಿಯಲ್ಲಿ ಧನುರ್ವಾಯುವಿನ ರೋಗಾಣು ಇರಬಹುದಾದ್ದರಿಂದ ಟೆಟನಸ್ ಲಸಿಕೆ ಬಾಕಿ ಇರಬಾರದು. ತಲೆ ಮುಟ್ಟಿಸಿಕೊಳ್ಳದ ಮಕ್ಕಳು ಹೆಲ್ಮೆಟ್ಟಿಗೇ ಹೆದರಿ ಮೊದಲ ದಿನ ಅಳುತ್ತಾರೆ. ಅಳತೆಯ ಹೆಲ್ಮೆಟ್ ಒಂದನ್ನು ಮನೆಗೆ ತಂದು, ದಿನಕ್ಕೆ ಕೆಲವು ನಿಮಿಷ ಹಾಕಿಸಿ ಅಭ್ಯಾಸ ಮಾಡಿಸಿ.

ಪ್ರಶ್ನೆ: ಇದು ಈಚಿನ ಫ್ಯಾಷನ್ ಎನ್ನುತ್ತಾರೆ ನಮ್ಮ ತರಗತಿಯ ಕೆಲವರು. ಹಿಪ್ಪೋಥೆರಪಿ ಎಂಬುದೂ ಕುದುರೆ ಸವಾರಿ ಕಲಿಸುವುದೂ ಒಂದೆಯೇ?
— ಫಿಸಿಯೋಥೆರಪಿ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಫ್ಯಾಷನ್ ಎನ್ನುವವರಿಗೆ ಲಿಸ್ ಹಾರ್ಟೆಲ್ ಅವರ ಕಥೆ ಹೇಳಿ. ಡೆನ್ಮಾರ್ಕಿನ ಈ ಸವಾರರಿಗೆ 1944ರಲ್ಲಿ, ಗರ್ಭಿಣಿಯಾಗಿದ್ದಾಗ ಪೋಲಿಯೊ ತಗುಲಿತು. ಮೊಣಕಾಲಿನ ಕೆಳಗೆ ಶಕ್ತಿ ಮರಳಿ ಬರಲೇ ಇಲ್ಲ. ಅವರು ಪಟ್ಟು ಹಿಡಿದು ಮತ್ತೆ ಕುದುರೆ ಏರಿ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್ (ಸವಾರರ ಸನ್ನೆಗೆ ತಕ್ಕಂತೆ ಕುದುರೆ ಗೊತ್ತುಪಡಿಸಿದ ಹೆಜ್ಜೆ ಹಾಕುವ) ಸ್ಪರ್ಧೆಯಲ್ಲಿ ಜುಬಿಲಿ ಎಂಬ ಕುದುರೆಯ ಮೇಲೆ ಬೆಳ್ಳಿಯ ಪದಕ ಗೆದ್ದರು. ಮಹಿಳೆಯರು ಗಂಡಸರೊಂದಿಗೆ ಆ ಸ್ಪರ್ಧೆಗೆ ಇಳಿಯಲು ಅವಕಾಶ ಸಿಕ್ಕಿದ್ದೇ ಆ ವರ್ಷ. ಕುದುರೆ ಹತ್ತಲು, ಇಳಿಯಲು ಅವರಿಗೆ ಇನ್ನೊಬ್ಬರ ಕೈ ಬೇಕಿತ್ತು. ಆ ಗೆಲುವಿನ ನಂತರ ಯುರೋಪಿನಲ್ಲಿ ಅಂಗವಿಕಲರ ಸವಾರಿಗೆ ಹುಮ್ಮಸ್ಸು ಬಂತು. ಬ್ರಿಟನ್ನಿನಲ್ಲಿ 1969ರಲ್ಲಿ ಇದಕ್ಕೆಂದೇ ರಾಷ್ಟ್ರಮಟ್ಟದ ಸಂಘ ಹುಟ್ಟಿತು.

ನೀವು ಕೇಳಿದ ಎರಡೂ ಒಂದೇ ಅಲ್ಲ. ಸವಾರಿಯ ತರಬೇತಿಯಲ್ಲಿ ಲಗಾಮು ಕಲಿಯುವವರ ಕೈಯಲ್ಲಿರುತ್ತದೆ. ಹಿಪ್ಪೋಥೆರಪಿಯಲ್ಲಿ ರೋಗಿ ಕುದುರೆಯನ್ನು ನಡೆಸುವುದಿಲ್ಲ. ಕುದುರೆಯ ನಡಿಗೆಯನ್ನು ನಿಮ್ಮಂಥ ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಅಥವಾ ಸ್ಪೀಚ್ ಥೆರಪಿಸ್ಟ್ ಒಂದು ಸಾಧನವಾಗಿ ಬಳಸುತ್ತಾರೆ. ನಡೆಯುವ ಕುದುರೆಯ ಬೆನ್ನು ಕುಳಿತವರ ಸೊಂಟವನ್ನು ಹಿಂದೆಮುಂದೆ, ಎಡಬಲ ತೂಗುತ್ತ, ತುಸು ತಿರುಗಿಸುತ್ತ ಹೋಗುತ್ತದೆ. ಮನುಷ್ಯ ನಡೆಯುವಾಗಲೂ ಸೊಂಟ ಚಲಿಸುವುದು ಬಹುಮಟ್ಟಿಗೆ ಹೀಗೆಯೇ. ಸ್ವಂತ ಕಾಲಿನ ಮೇಲೆ ನಡೆದೇ ಇರದ, ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗಾದ ಪೆಟ್ಟಿನಿಂದ ಮೈಕೈ ಹತೋಟಿ ತಪ್ಪುವ ಸ್ಥಿತಿ) ಇರುವ ಮಗುವಿಗೆ ಈ ಅನುಭವ ಬೇರೆ ಯಾವುದರಿಂದಲೂ ಸುಲಭವಾಗಿ ಸಿಗುವುದಿಲ್ಲ. ಆದರೂ ಆ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಫಲಿತಾಂಶ ಏಕರೂಪವಾಗಿಲ್ಲ ಎಂಬುದನ್ನು ನಿಮ್ಮ ತರಗತಿಯವರಿಗೆ ಹೇಳುವಾಗ ಮುಚ್ಚಿಡಬೇಡಿ. ಕುದುರೆ ಏರದೆ, ನೆಲದ ಮೇಲೆಯೇ ನಿಂತು ಮನೋಚಿಕಿತ್ಸಕರ ಜೊತೆ ಮಾಡುವ ಕೆಲಸ ಮೂರನೆಯ ಬಗೆ. ಮುಂದಿನ ಪ್ರಶ್ನೆ ಅದರ ಹತ್ತಿರಕ್ಕೆ ಬರುತ್ತದೆ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲು ಶಿಕ್ಷಕ, ವಯಸ್ಸು ಅರವತ್ತೆಂಟು. ಹೆಂಡತಿ ತೀರಿಕೊಂಡ ಮೇಲೆ ನಿದ್ದೆ ಸರಿಯಾಗಿಲ್ಲ. ನೆದರ್ಲೆಂಡ್ಸ್‌ನಲ್ಲಿರುವ ಮಗಳ ಮನೆಯಲ್ಲಿದ್ದಾಗ ಹತ್ತಿರದ ಫಾರ್ಮ್ ಒಂದಕ್ಕೆ ವಾರಕ್ಕೊಮ್ಮೆ ಹೋಗಿ ಒಂದು ಮುದಿ ಕುದುರೆಯ ಮೈ ಉಜ್ಜುತ್ತಿದ್ದೆ, ಸವಾರಿ ಮಾಡಿದವನಲ್ಲ. ಆ ದಿನಗಳಲ್ಲಿ ನಿದ್ದೆ ಬರುತ್ತಿತ್ತು. ಊರಿಗೆ ಮರಳಿದ ಮೇಲೆ ಮತ್ತೆ ಅದೇ ಪಾಡು. ಅದು ಕುದುರೆಯ ಗುಣವೋ, ಒಳ್ಳೆಯ ಗಾಳಿಯ ಗುಣವೋ, ನನ್ನ ಭ್ರಮೆಯೋ?
— ಓದುಗರು, ಧಾರವಾಡ

ಉತ್ತರ: ಭ್ರಮೆಯಂತೂ ಅಲ್ಲ, ಮೇಷ್ಟ್ರೇ. ವೃದ್ಧರೂ ಮಾನಸಿಕ ತೊಂದರೆ ಇರುವವರೂ ಹಗಲು ಹೊತ್ತು ಹೋಗಿ ದುಡಿಯುವ ಇಂಥ ಆರೈಕೆಯ ಫಾರ್ಮ್‌ಗಳು ಆ ದೇಶದಲ್ಲಿ ಸಾವಿರಕ್ಕೂ ಹೆಚ್ಚಿವೆ. ಗಾಳಿಯ, ಮೈಮುರಿದು ಮಾಡುವ ಕೆಲಸದ, ವಾರಕ್ಕೊಂದು ದಿನ ಹೋಗಲೇಬೇಕಾದ ಜಾಗವಿರುವುದರ ಪಾಲು ಅದರಲ್ಲಿ ಖಂಡಿತ ಇದೆ. ಆದರೂ ಕುದುರೆಯ ಪಾಲನ್ನು ಬೇರೆಯಾಗಿ ಹೇಳಬಹುದು.

ಕುದುರೆ ಬೇಟೆಗೆ ಈಡಾಗುವ ಪ್ರಾಣಿಗಳ ವಂಶದ್ದು. ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ, ಮೂಗಿನ ನೇರಕ್ಕೆ ಒಂದಿಷ್ಟು, ಬಾಲದ ಹಿಂದೆ ಒಂದಿಷ್ಟು ಜಾಗ ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಎರಡು ಕಿವಿಗಳೂ ಒಂದರ ಹಂಗಿಲ್ಲದೆ ಇನ್ನೊಂದು ತಿರುಗುತ್ತವೆ. ನೀವು ಭುಜದ ಕಡೆಯಿಂದ, ಮೆಲ್ಲಗೆ ಏನಾದರೂ ಮಾತಾಡುತ್ತ ಹೋಗಬೇಕೆಂದು ಅಲ್ಲಿಯವರು ಮೊದಲ ದಿನವೇ ಹೇಳಿರಬೇಕು. ಅವಸರದಲ್ಲಿ ಹೋದರೆ ಅದು ತಲೆ ಎತ್ತಿ ಪಕ್ಕಕ್ಕೆ ಸರಿಯುತ್ತದೆ, ಆಗ ಹೋದವರು ತಮ್ಮ ಹೆಜ್ಜೆಯನ್ನು ತಾವೇ ನಿಧಾನ ಮಾಡಿಕೊಳ್ಳುತ್ತಾರೆ. ನಾಲ್ಕೈದು ಕ್ವಿಂಟಲ್ ತೂಕದ ಜೀವವೊಂದು ಮೊಣಕೈ ಪಕ್ಕದಲ್ಲಿ ನಿಂತಿರುವಾಗ ಮನಸ್ಸು ಹಳೆಯದರ ಹಿಂದೆ ಹೋಗುವುದಕ್ಕೆ ಪುರಸೊತ್ತಿರುವುದಿಲ್ಲ. ದುಃಖಕ್ಕೆ ಹೀಗೆ ಸಿಗುವ ಬಿಡುವು ಸಣ್ಣದಾದರೂ ನಿಜವಾದದ್ದು.

ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸಿಟ್ಟಿನ ಮುಖದ ಫೋಟೊ ತೋರಿಸಿದಾಗ ಕುದುರೆಗಳ ಎದೆಬಡಿತ ನಗುಮುಖ ಕಂಡಾಗಿಗಿಂತ ಬೇಗ ಏರಿತ್ತು. ಹಾಗೆಂದು ಕುದುರೆಗೆ ನಿಮ್ಮ ಅಳಲು ಅರ್ಥವಾಗುತ್ತಿತ್ತು ಎನ್ನಲಾಗದು. ನೀವು ಹೇಗೆ ಬಂದಿದ್ದೀರಿ ಎಂಬುದನ್ನು ಅದು ಗಮನಿಸುತ್ತಿತ್ತು ಎನ್ನಬಹುದು. ಕುತ್ತಿಗೆಯ ಬುಡದಲ್ಲಿ, ಜೂಲು ಮುಗಿಯುವ ಎಲುಬಿನ ಏರಿನ ಹತ್ತಿರ ಬೆರಳಿಂದ ಕೆರೆದಾಗ ಮೇಲ್ದುಟಿ ಮುಂದಕ್ಕೆ ಚಾಚಿ ಅದುರಿದ್ದನ್ನು ನೀವು ನೋಡಿರಬಹುದು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದೇ. ಅಲ್ಲಿ ಕೆರೆದರೆ ಅವುಗಳ ಎದೆಬಡಿತ ತಗ್ಗುತ್ತದೆಂದು 1993ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ. ನಿಮ್ಮ ಕೈಯಿಂದ ಇನ್ನೊಂದು ಜೀವಕ್ಕೆ ಹಾಯೆನಿಸಿತು. ಎಲ್ಲರೂ ತಮ್ಮನ್ನು ನೋಡಿಕೊಳ್ಳಬೇಕಾದ ವಯಸ್ಸಿಗೆ ಬಂದವರಿಗೆ ಇದು ಸಣ್ಣ ಸಂಗತಿಯಲ್ಲ ಎಂದು ನನಗೆ ತೋರುತ್ತದೆ. ಜೊತೆಗೆ, ಓಣಿಯಲ್ಲಿ ಎದುರಾದವರೆಲ್ಲ ‘ಈಗ ಹ್ಯಾಂಗಿದ್ದೀರಿ ಸರ’ ಎಂದು ಕೇಳುತ್ತಾರೆ, ಪ್ರತಿಯೊಬ್ಬರಿಗೂ ಒಂದು ಉತ್ತರ ಕೊಡಬೇಕು, ಕುದುರೆ ಕೇಳುವುದಿಲ್ಲ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಯುದ್ಧದ ಆಘಾತದಿಂದ ನರಳುತ್ತಿದ್ದ 63 ಮಾಜಿ ಸೈನಿಕರನ್ನು ಎಂಟು ವಾರ ಕುದುರೆಗಳ ಜೊತೆ ನೆಲದ ಮೇಲಿನ ಕೆಲಸದಲ್ಲಿ ತೊಡಗಿಸಿದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಲ್ಲಿ ಗಮನಾರ್ಹ ಸುಧಾರಣೆ ಕಂಡಿತು ಎಂದು 2021ರಲ್ಲಿ ವರದಿ ಮಾಡಿದರು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲವಾದ್ದರಿಂದ ಇದನ್ನು ಆಶಾದಾಯಕ ಎನ್ನಬಹುದು, ಸಿದ್ಧವಾಯಿತು ಎನ್ನಲಾಗದು. ಮನುಷ್ಯನ ಎದೆಬಡಿತ ಕುದುರೆಯದರೊಂದಿಗೆ ತಾಳ ಹಾಕತೊಡಗುತ್ತದೆ ಎಂಬ ಜಾಹೀರಾತಿನ ಮಾತನ್ನು ಸದ್ಯಕ್ಕೆ ಬದಿಗಿಡಿ.

ಈಗ ಏನು ಮಾಡುವುದು? ನಿದ್ದೆ ಬಾರದಿರುವುದು ಇಷ್ಟು ಕಾಲ ಮುಂದುವರಿದಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಮನಸ್ಸು ತೀರ ಕುಗ್ಗಿದ ಹೊತ್ತಿನಲ್ಲಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ. ಕುದುರೆ ಸಾಕಿದವರು ಹತ್ತಿರದಲ್ಲಿದ್ದಾರೆಯೇ ಎಂದು ಪಶುವೈದ್ಯರನ್ನು ಕೇಳಿ. ವಾರಕ್ಕೊಂದು ಗಂಟೆ ಮಾಲೀಸು ಮಾಡುತ್ತೇನೆಂದರೆ ಬೇಡವೆನ್ನುವವರು ಕಡಿಮೆ. ಕುದುರೆ ಸಿಗದಿದ್ದರೆ ಎತ್ತಾದರೂ ಆದೀತು ಎಂದರೆ ನಗಬೇಡಿ. ಗಂಗೆದೊಗಲು ಕೆರೆದಾಗ ಕುತ್ತಿಗೆ ನೀಡುವ ಎತ್ತುಗಳು ನಿಮ್ಮ ಸೀಮೆಯಲ್ಲಿ ಇನ್ನೂ ಇವೆ.

ಪ್ರಶ್ನೆ: ಒಂಬತ್ತು ವರ್ಷದ ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ. ಪ್ರವಾಸಿ ಸ್ಥಳಗಳಲ್ಲಿ ಸಿಗುವ ಕುದುರೆ ಸವಾರಿಯನ್ನೇ ಆಗಾಗ ಮಾಡಿಸಿದರೆ ಸಾಲದೇ?
— ಓದುಗರು, ಬೆಂಗಳೂರು

ಉತ್ತರ: ಸಾಲದು, ಅಪಾಯವೂ ಹೌದು. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕುತ್ತಿಗೆಯ ಮೊದಲ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲವಾಗಿರುತ್ತದೆ. ಕುದುರೆ ಬೆದರಿ ಜಗ್ಗಿದರೆ ಮಿದುಳುಬಳ್ಳಿಗೇ ಪೆಟ್ಟಾಗಬಹುದು. ಮೂಳೆ ಅಥವಾ ನರರೋಗ ತಜ್ಞರು ಕುತ್ತಿಗೆಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಯಾವ ಕುದುರೆಯನ್ನೂ ಹತ್ತಿಸಬೇಡಿ, ಒಳ್ಳೆಯ ಕೇಂದ್ರದ್ದನ್ನೂ ಸಹ. ಅಲ್ಲಿಯವರೆಗೆ ಕುದುರೆಗೆ ಹುಲ್ಲು ತಿನ್ನಿಸಲು, ಮೈ ಬಾಚಲು ಅಡ್ಡಿಯಿಲ್ಲ. ಹುಲ್ಲನ್ನು ಬೆರಳುಗಳಲ್ಲಿ ಹಿಡಿಯದೆ, ಚಾಚಿದ ಅಂಗೈ ಮೇಲಿಟ್ಟು ಕೊಡುವುದನ್ನು ಕಲಿಸಿ.

ಪ್ರಶ್ನೆ: ನಮ್ಮ ಚಿಕ್ಕಪ್ಪ ಕುಣಿಗಲ್ ಕುದುರೆ ಫಾರಂನಲ್ಲಿ ಕೆಲಸ ಮಾಡಿದವರು. ರೇಸಿನಿಂದ ನಿವೃತ್ತವಾದ ಕುದುರೆಗಳು ಕಡಿಮೆ ಬೆಲೆಗೆ ಸಿಗುತ್ತವೆ ಎನ್ನುತ್ತಾರೆ. ಎರಡು ಕೊಂಡು ತೋಟದಲ್ಲಿ ಚಿಕಿತ್ಸಾ ಕೇಂದ್ರ ತೆರೆಯಬೇಕೆಂದಿದ್ದೇನೆ. ಇದರಲ್ಲಿ ಕುದುರೆಗೆ ಹಿಂಸೆಯಾಗುತ್ತದೆಯೇ?
— ಯುವ ಕೃಷಿಕ, ತುಮಕೂರು ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಯನ್ನು ಕೇಳಿದ್ದೀರಲ್ಲ, ಅಷ್ಟರಿಂದಲೇ ನಿಮ್ಮ ಮೇಲೆ ನಂಬಿಕೆ ಬಂತು. ಟಿಪ್ಪುವಿನ ಕಾಲದಿಂದ ಕುದುರೆ ಕಂಡ ಕುಣಿಗಲ್ಲಿನಲ್ಲಿ ದುಡಿದವರು ಮನೆಯಲ್ಲಿರುವುದು ದೊಡ್ಡ ಬಲ. ಆದರೆ ರೇಸಿಗೆಂದು ಬೆಳೆಸುವ ಥರೋಬ್ರೆಡ್ ತಳಿ ಓಡುವುದಕ್ಕೇ ಹುಟ್ಟಿದ್ದು. ಹಾರುವ ಪ್ಲಾಸ್ಟಿಕ್ ಚೀಲಕ್ಕೆ ಬೆಚ್ಚುವ ಕುದುರೆಯ ಮೇಲೆ ಅಲುಗಾಡುವ ಮಗುವನ್ನು ಕೂರಿಸಲಾಗದು. ಕೆಲವು ಶಾಂತವಾಗಿ ಪಳಗುತ್ತವೆ, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಗಾಲಿಕುರ್ಚಿ, ಚೀರಾಟ, ಮೇಲಿಂದ ಉರುಳಿಬರುವ ಚೆಂಡು, ಎರಡೂ ಬದಿಗೆ ಒತ್ತಿ ನಡೆಯುವ ಜನ, ಇವೆಲ್ಲವನ್ನೂ ಒಂದೊಂದಾಗಿ ಪರಿಚಯಿಸಬೇಕು. ವಯಸ್ಸಾದ, ಕಾಲು ಗಟ್ಟಿಯಿರುವ, ಊಟ ಮತ್ತು ನೆರಳಷ್ಟನ್ನೇ ಬಯಸುವ ಸಾಧಾರಣ ಕುದುರೆಯೇ ಈ ಕೆಲಸಕ್ಕೆ ಹೆಚ್ಚು ಒದಗುತ್ತದೆ.

ಹಿಂಸೆ ಆಗುವುದೂ ಆಗದಿರುವುದೂ ನಡೆಸುವವರ ಕೈಯಲ್ಲಿದೆ. ಜೀನು ಸೇರಿ ಹೊರುವ ಭಾರ ಕುದುರೆಯ ತೂಕದ ಐದನೆಯ ಒಂದು ಪಾಲು ಮೀರಬಾರದು ಎಂಬುದು ರೂಢಿಯ ಲೆಕ್ಕ. ನೆಟ್ಟಗೆ ಕೂರಲಾಗದವರ ಭಾರ ಒಂದೇ ಕಡೆ ವಾಲುವುದರಿಂದ ಅದಕ್ಕಿಂತ ಕಡಿಮೆ ಇರಲಿ. ದಿನಕ್ಕೆ ಕೆಲವೇ ಪಾಠ, ವಾರಕ್ಕೆ ಪೂರ್ತಿ ರಜೆ, ಇನ್ನೊಂದು ಕುದುರೆಯ ಜೊತೆ ಬಯಲಲ್ಲಿ ಬಿಡುವ ಹೊತ್ತು, ಇವು ಬೇಕೇ ಬೇಕು. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಿ ಕಚ್ಚಲು ಬಂದರೆ, ಬಾಲ ಬೀಸುತ್ತಲೇ ಇದ್ದರೆ, ಅಥವಾ ಸುತ್ತ ಏನಾದರೂ ಕಿವಿ ಕೂಡ ಅಲ್ಲಾಡಿಸದೆ ಮಂಕಾಗಿ ನಿಂತರೆ ಅದು ಸಾಕಾಗಿದೆ ಎನ್ನುತ್ತಿದೆ. ಕೊನೆಯದನ್ನು ಸಾಧುತನವೆಂದು ತಿಳಿದು ದುಡಿಸುವವರೇ ಹೆಚ್ಚು.

ಕೊಳ್ಳುವ ಬೆಲೆಗಿಂತ ಮೇವು, ಹುರುಳಿ, ಲಾಳ, ಔಷಧಿಯ ಖರ್ಚು ದೊಡ್ಡದು. ಆದ್ದರಿಂದ ಕುದುರೆ ಕೊಳ್ಳುವ ಮೊದಲು ನೋಂದಾಯಿತ ಥೆರಪಿಸ್ಟ್ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಅವರಿಲ್ಲದಿದ್ದರೆ ನೀವು ತೆರೆಯುವುದು ಸವಾರಿ ಶಾಲೆ, ಅದನ್ನು ಹಾಗೆಂದೇ ಕರೆಯಿರಿ. ಕೊಳ್ಳುವಾಗ ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ. ಅದು ಮನುಷ್ಯರಿಗೂ ಅಂಟುವ ಕಾಯಿಲೆ, ಕರ್ನಾಟಕದಲ್ಲಿಯೂ ಕಾಣಿಸಿಕೊಂಡದ್ದುಂಟು. ಖಚಿತವಾದರೆ ಕಾನೂನಿನ ಪ್ರಕಾರ ಪ್ರಾಣಿಯನ್ನು ಕೊಲ್ಲಬೇಕಾಗುತ್ತದೆ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯ ಮೂಲಕ ರಕ್ತದ ಮಾದರಿ ಕಳುಹಿಸಿ, ಫಲಿತಾಂಶ ಬರುವವರೆಗೆ ಹೊಸ ಕುದುರೆಯನ್ನು ಬೇರೆಯೇ ಕಟ್ಟಿ, ಅದರ ನೀರಿನ ತೊಟ್ಟಿಯನ್ನೂ ಬೇರೆ ಇಡಿ.