ಸುಮ್ಮನಿದ್ದವರನ್ನು ಎಣಿಸುವುದು ಹೇಗೆ?

ಪ್ರಶ್ನೆ: ಫೇಸ್‌ಬುಕ್ ಗುಂಪುಗಳಲ್ಲಿ ಅಲ್ಪಮತದವರು ಬಾಯಿ ಮುಚ್ಚಿಕೊಳ್ಳುತ್ತಾರೆಯೇ ಎಂಬುದನ್ನು ಎಂ.ಎ. ಪ್ರಬಂಧಕ್ಕಾಗಿ ಅಳೆಯಬೇಕಿದೆ. ಪರ, ವಿರೋಧದ ಕಮೆಂಟುಗಳನ್ನು ಎಣಿಸಿದರೆ ಸಾಕೇ?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಾಲದು. ಕಮೆಂಟು ಎಣಿಸಿದರೆ ಮಾತಾಡಿದವರ ಲೆಕ್ಕ ಸಿಗುತ್ತದೆ. ನಿಮಗೆ ಬೇಕಿರುವುದು ಓದಿ ಸುಮ್ಮನಾದವರ ಲೆಕ್ಕ. ವಿರೋಧದ ಹತ್ತು ಕಮೆಂಟು ಕಂಡರೆ, ವಿರೋಧಿಗಳೇ ಹತ್ತು ಮಂದಿಯೋ, ನೂರು ಮಂದಿಯಲ್ಲಿ ಹತ್ತು ಜನ ಬಾಯಿ ಬಿಟ್ಟರೋ ತಿಳಿಯದು. ಹಾಗಾಗಿ ಮೊದಲು ಸದಸ್ಯರನ್ನು ಖಾಸಗಿಯಾಗಿ, ಹೆಸರು ಕೇಳದೆ ಮಾತಾಡಿಸಿ.

ಮೂರು ಪ್ರಶ್ನೆಗಳು ಬೇರೆಬೇರೆಯಾಗಿರಲಿ: ನಿಮ್ಮ ನಿಲುವೇನು? ಈ ಗುಂಪಿನ ಹೆಚ್ಚಿನವರ ನಿಲುವು ಏನಿರಬಹುದು? ಇಲ್ಲಿ ನಿಮ್ಮ ನಿಲುವು ಬರೆಯುತ್ತೀರಾ? ಎರಡನೆಯದೇ ಜೀವಾಳ. ಜರ್ಮನಿಯ ಜನಾಭಿಪ್ರಾಯ ಸಂಶೋಧಕಿ ಎಲಿಜಬೆತ್ ನೊಯೆಲ್-ನಾಯ್ಮನ್ 1974ರಲ್ಲಿ ಮಂಡಿಸಿದ ‘ಮೌನದ ಸುರುಳಿ’ ಸಿದ್ಧಾಂತದಂತೆ, ತಾವು ಅಲ್ಪಮತದವರು ಎನಿಸಿದವರು ಒಂಟಿಯಾಗುವ ಭಯದಿಂದ ಸುಮ್ಮನಾಗುತ್ತಾರೆ. ಆ ಭಯ ಹುಟ್ಟಲು ಬಹುಮತ ನಿಜವಾಗಿಯೂ ಎದುರಿರಬೇಕಿಲ್ಲ. ಇದೆ ಎಂಬ ಅಂದಾಜೇ ಸಾಕು. ಐದು ಗಂಟೆಯ ರೈಲು ಪ್ರಯಾಣದಲ್ಲಿ ಅಪರಿಚಿತರೊಡನೆ ಈ ವಿಷಯ ಮಾತಾಡುವಿರಾ ಎಂದು ಅವರು ಕೇಳುತ್ತಿದ್ದರು. ಫೇಸ್‌ಬುಕ್‌ಗೆ ಆ ಪ್ರಶ್ನೆ ಹೊಂದದು. ಸಹಪ್ರಯಾಣಿಕ ಇಳಿದು ಹೋಗುತ್ತಾನೆ. ಕಮೆಂಟನ್ನು ಚಿಕ್ಕಪ್ಪನೂ ಮೇಲಧಿಕಾರಿಯೂ ಓದುತ್ತಾರೆ, ಸ್ಕ್ರೀನ್‌ಶಾಟ್ ಉಳಿಯುತ್ತದೆ. ಎಡ್ವರ್ಡ್ ಸ್ನೋಡನ್ ಬಯಲಿಗೆಳೆದ ಅಮೆರಿಕ ಸರ್ಕಾರದ ಫೋನ್, ಇಂಟರ್‌ನೆಟ್ ಕಣ್ಗಾವಲಿನ ಬಗ್ಗೆ ಅಲ್ಲಿನ ಸಮೀಕ್ಷಾ ಸಂಸ್ಥೆ ಪ್ಯೂ 2013ರಲ್ಲಿ 1,801 ವಯಸ್ಕರನ್ನು ಕೇಳಿದಾಗ, ಮುಖಾಮುಖಿ ಮಾತಿಗೆ ಶೇ 86 ಮಂದಿ ಸಿದ್ಧರಿದ್ದರು. ಫೇಸ್‌ಬುಕ್, ಟ್ವಿಟರ್ ಬಳಸುವವರಲ್ಲಿ ಅಲ್ಲಿ ಬರೆಯಲು ಸಿದ್ಧರಿದ್ದವರು ಶೇ 42 ಮಾತ್ರ. ಆದ್ದರಿಂದ ಜಾಗದ ಹೆಸರು ಹೇಳಿಯೇ ಕೇಳಿ: ಕುಟುಂಬದ ವಾಟ್ಸ್‌ಆ್ಯಪ್ ಗುಂಪೇ, ಸಾರ್ವಜನಿಕ ಪೇಜೇ?

ವಿಷಯದಲ್ಲಿ ಎಷ್ಟು ಆಸಕ್ತಿ ಎಂದೂ ಕೇಳಬೇಕು. ಇಲ್ಲದಿದ್ದರೆ ಬೇಸರದಿಂದ ಸುಮ್ಮನಿದ್ದವರೆಲ್ಲ ಭಯದ ಖಾತೆಗೆ ಸೇರುತ್ತಾರೆ. ಅಡ್ಮಿನ್ ಅಳಿಸಿದ ಕಮೆಂಟನ್ನೂ ಬೇರೆ ಇಡಿ. ಅದು ಬಾಯಿ ಮುಚ್ಚಿಸಿದ್ದು, ಮುಚ್ಚಿಕೊಂಡದ್ದಲ್ಲ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಸಂಖ್ಯೆಯಲ್ಲಿ. ನೂರು ಜನರಲ್ಲಿ ಅಲ್ಪಮತದವರು ಶೇ 20 ಇದ್ದರೆ ಕೈಗೆ ಸಿಗುವುದು 20 ಜನ. ಅಷ್ಟರಿಂದ ಏನೂ ಹೇಳಲಾಗದು. 400 ಜನರನ್ನು ಕೇಳಿದರೆ 80 ಸಿಗುತ್ತಾರೆ. ಆಗಲೂ ಅವರ ಶೇಕಡಾವಾರು ಲೆಕ್ಕ ಸುಮಾರು 11 ಅಂಶ ಆಚೀಚೆ ಆಗಬಹುದು.

ಪ್ರಶ್ನೆ: ಲೈಕ್ ಒತ್ತಿದರೆ ಮಾತಾಡಿದಂತೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಅರ್ಧ ಮಾತು. ಏನೂ ಮಾಡದಿರುವುದಕ್ಕೆ 0, ಲೈಕ್‌ಗೆ 1, ಇನ್ನೊಬ್ಬರ ಕಮೆಂಟಿಗೆ ಬೆಂಬಲ ಬರೆದರೆ 2, ಸ್ವಂತ ಕಮೆಂಟಿಗೆ 3 ಎಂದು ಗುರುತಿಸಿಕೊಳ್ಳಿ. ಹೌದು–ಇಲ್ಲ ಎಂದಷ್ಟೇ ಬರೆದುಕೊಂಡರೆ, ಲೈಕಿನ ಮರೆಯಲ್ಲಿ ನಿಂತವರು ಯಾವ ಕಡೆಯವರು ಹೆಚ್ಚು ಎಂಬುದು ಆಮೇಲೆ ಹುಡುಕಿದರೂ ಸಿಗುವುದಿಲ್ಲ.