ಅಮೆರಿಕದಲ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ಟಬೇಕು ಅನ್ನುವ ಕಾನೂನೇ ಇಲ್ಲವಂತೆ, ನಿಜವಾ?

ಮೊದಲು ಒಂದು ಮಾತು. ನಿಮ್ಮ ಸಹೋದ್ಯೋಗಿ ಹೇಳಿದರು ಅಂತ ಡಬ್ಲ್ಯು-4 ಫಾರಂನಲ್ಲಿ (ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕು ಅಂತ ಕಂಪನಿಗೆ ಕೊಡುವ ಫಾರಂ) 'ಎಗ್ಸೆಂಪ್ಟ್', ಅಂದರೆ ನನಗೆ ತೆರಿಗೆ ಹಿಡಿಯಬೇಡಿ, ಅಂತ ಬರೆಯಬೇಡಿ.

"ಫೆಡರಲ್ ಟ್ಯಾಕ್ಸ್ ಕಟ್ಟಲೇಬೇಕು ಅನ್ನುವ ಕಾನೂನನ್ನು ಇಲ್ಲಿವರೆಗೆ ಯಾರೂ ತೋರಿಸಿಲ್ಲ" ಅಂತ ಅವರು ತೋರಿಸಿದ ವಿಡಿಯೋದಲ್ಲಿ ಇದೆ ಅಂದಿರಿ. ತೋರಿಸುತ್ತೇನೆ, ನೋಡಿ. ಅಮೆರಿಕದ ಕಾನೂನು ಸಂಹಿತೆಯ 26ನೇ ಭಾಗ ತೆಗೆಯಿರಿ. ಸೆಕ್ಷನ್ 1 ತೆರಿಗೆ ಹಾಕುತ್ತದೆ. ಸೆಕ್ಷನ್ 61 ಆದಾಯ ಅಂದರೆ ಏನು ಅಂತ ಹೇಳುತ್ತದೆ. ಅಲ್ಲಿನ ಪಟ್ಟಿಯಲ್ಲಿ ಮೊದಲನೆಯದೇ ಕೆಲಸಕ್ಕೆ ಸಿಗುವ ದುಡ್ಡು. ರಿಟರ್ನ್ ಹಾಕಬೇಕು ಅನ್ನುವುದು 6012, ದುಡ್ಡು ಕಟ್ಟಬೇಕು ಅನ್ನುವುದು 6151.

ಈ ವಾದ ಹುಟ್ಟಿದ್ದಕ್ಕೆ ಒಂದು ಹಳೆಯ ಕಥೆ ಇದೆ. ಅಂತರ್ಯುದ್ಧದ ಖರ್ಚಿಗೆ 1861ರಲ್ಲಿ ಮೊದಲ ಸಲ ಆದಾಯ ತೆರಿಗೆ ಬಂತು, 1872ರಲ್ಲಿ ಹೋಯಿತು. 1894ರಲ್ಲಿ ಮತ್ತೆ ತಂದರು: 4,000 ಡಾಲರ್ ಮೇಲಿನ ಆದಾಯಕ್ಕೆ ಶೇ. 2. ಮರುವರ್ಷವೇ ಪೊಲಾಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಅದನ್ನು ಹೊಡೆದುಹಾಕಿತು. 'ನೇರ ತೆರಿಗೆ'ಯನ್ನು ರಾಜ್ಯಗಳಿಗೆ ಜನಸಂಖ್ಯೆ ನೋಡಿ ಹಂಚಬೇಕು ಅಂತ ಸಂವಿಧಾನದಲ್ಲಿದೆ. ಬಾಡಿಗೆ, ಬಡ್ಡಿ, ಡಿವಿಡೆಂಡ್ ಮೇಲಿನ ತೆರಿಗೆಯೂ ಅದೇ ಜಾತಿಯದು ಅಂದಿತು ಕೋರ್ಟ್. ಹಾಗೆ ಹಂಚಿದರೆ ಏನಾಗುತ್ತದೆ? ಒಂದೇ ಜನಸಂಖ್ಯೆಯ ಎರಡು ರಾಜ್ಯ ಇವೆ, ಒಂದು ಶ್ರೀಮಂತ, ಇನ್ನೊಂದು ಬಡ ಅಂತಿಟ್ಟುಕೊಳ್ಳಿ. ಎರಡೂ ಒಂದೇ ಮೊತ್ತ ಕೊಡಬೇಕು. ಆಗ ಬಡ ರಾಜ್ಯದವರಿಗೇ ತೆರಿಗೆ ದರ ಜಾಸ್ತಿ! ಗಮನಿಸಿ, ಸಂಬಳಕ್ಕೆ ತೆರಿಗೆ ಹಾಕಬಾರದು ಅಂತ ಕೋರ್ಟ್ ಹೇಳಿರಲಿಲ್ಲ.

ಈ ಗಂಟು ಬಿಡಿಸಿದ್ದು 16ನೇ ತಿದ್ದುಪಡಿ. ಒಂದೇ ವಾಕ್ಯ, ಇಂಗ್ಲಿಷಿನಲ್ಲಿ ಮೂವತ್ತೇ ಪದ. ಆದಾಯ ಯಾವ ಮೂಲದಿಂದ ಬಂದರೂ ಸರಿ, ರಾಜ್ಯಗಳಿಗೆ ಹಂಚುವ ಲೆಕ್ಕ ಇಲ್ಲದೆ ಕಾಂಗ್ರೆಸ್ (ಅಮೆರಿಕದ ಸಂಸತ್ತು) ತೆರಿಗೆ ಹಾಕಬಹುದು ಅಂತ. 1913ರ ಫೆಬ್ರವರಿಯಲ್ಲಿ ಅಂಗೀಕಾರವಾಯಿತು. 1916ರಲ್ಲಿ ಬ್ರಶೇಬರ್ ಕೇಸಿನಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು.

ಓಹಾಯೋ ಆಗ ಸರಿಯಾಗಿ ರಾಜ್ಯವೇ ಆಗಿರಲಿಲ್ಲ, ಹಾಗಾಗಿ ತಿದ್ದುಪಡಿ ಬಿದ್ದುಹೋಯಿತು ಅನ್ನುತ್ತಾರೆ ತೆರಿಗೆ ವಿರೋಧಿಗಳು. 36 ರಾಜ್ಯ ಒಪ್ಪಿದ್ದರೆ ಸಾಕಿತ್ತು, ಒಪ್ಪಿದ್ದು 42. ಓಹಾಯೋ ಬಿಟ್ಟರೂ ಲೆಕ್ಕ ಕೂಡುತ್ತದೆ, ಅಲ್ವಾ? ಇನ್ನು ಈ ತೆರಿಗೆ 'ವಾಲಂಟರಿ', ಅಂದರೆ ಸ್ವಯಂಪ್ರೇರಿತ, ಅನ್ನುವ ಪದವನ್ನು ಅವರು ಹಿಡಿದುಕೊಳ್ಳುವುದು. ಸರ್ಕಾರ ಮನೆಗೆ ಬಿಲ್ ಕಳಿಸುವುದಿಲ್ಲ, ನಿಮ್ಮ ಲೆಕ್ಕ ನೀವೇ ಹಾಕಿ ಕೊಡಬೇಕು ಅಂತ ಅದರ ಅರ್ಥ. ಊರಲ್ಲಿ ಸೆಲ್ಫ್ ಅಸೆಸ್‌ಮೆಂಟ್ ಅನ್ನುತ್ತೇವಲ್ಲ, ಅದೇ. ಇಷ್ಟವಿದ್ದರೆ ಕಟ್ಟಿ ಅಂತಲ್ಲ.

ವಿಡಿಯೋದಲ್ಲಿ ಜಾನ್ ಚೀಕ್ ಗೆದ್ದರು ಅಂತ ಬೇರೆ ಇದೆಯಂತೆ. ಚೀಕ್ ವಿಮಾನದ ಪೈಲಟ್. ತೆರಿಗೆ ವಿರೋಧಿಗಳ ಸಭೆಗಳಿಗೆ ಹೋಗಿ, ಸಂಬಳ ಆದಾಯವೇ ಅಲ್ಲ ಅಂತ ನಂಬಿ ರಿಟರ್ನ್ ಹಾಕುವುದನ್ನೇ ಬಿಟ್ಟರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಶಿಕ್ಷೆ ರದ್ದು ಮಾಡಿದ್ದು ನಿಜ. ಕಾನೂನನ್ನು ಪ್ರಾಮಾಣಿಕವಾಗಿ ತಪ್ಪು ತಿಳಿದಿದ್ದರೋ ಇಲ್ಲವೋ ಅನ್ನುವುದನ್ನು ಜ್ಯೂರಿಯೇ ನಿರ್ಧರಿಸಲಿ ಅಂದಿತು. ಕಾನೂನು ಗೊತ್ತಿದ್ದೂ ಅದು ಸಂವಿಧಾನಕ್ಕೆ ವಿರುದ್ಧ ಅಂತ ನಂಬಿದ್ದೆ ಅಂದರೆ ಅದು ನೆಪವಾಗುವುದಿಲ್ಲ ಅಂತಲೂ ಹೇಳಿತು. ಮುಂದಿನದನ್ನು ಯಾರೂ ತೋರಿಸುವುದಿಲ್ಲ. ಮರುವಿಚಾರಣೆಯಲ್ಲಿ ಮತ್ತೆ ತಪ್ಪಿತಸ್ಥ ಅಂತಾಯಿತು, ಜೈಲಿಗೂ ಹೋದರು. ಇಂಥದ್ದೇ ಪುಸ್ತಕ ಮಾರುತ್ತಿದ್ದ ಇರ್ವಿನ್ ಶಿಫ್ 2015ರಲ್ಲಿ ಶಿಕ್ಷೆ ಅನುಭವಿಸುತ್ತಲೇ ತೀರಿಕೊಂಡರು.

ನಾನು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಲ್ಲಿನ ಲೈಬ್ರರಿಯಲ್ಲಿ ಉಚಿತವಾಗಿ ರಿಟರ್ನ್ ತುಂಬಿಕೊಡುವ ಸ್ವಯಂಸೇವಕ. ಎರಡು ವರ್ಷದ ಹಿಂದೆ ಒಬ್ಬ ಟ್ರಕ್ ಚಾಲಕ ದಿನಸಿ ಚೀಲದ ತುಂಬ ಲಕೋಟೆ ತಂದು ಮೇಜಿನ ಮೇಲೆ ಸುರಿದರು. ಅರ್ಧಕ್ಕರ್ಧ ಒಡೆದೇ ಇರಲಿಲ್ಲ. ಯಾರೋ ಮಾರಿದ ಪತ್ರದ ನಮೂನೆಯನ್ನು ರಿಟರ್ನ್ ಜೊತೆ ಕಳಿಸಿದ್ದರಂತೆ. ಹುರುಳಿಲ್ಲದ ರಿಟರ್ನ್ ಅಂತ ಒಂದೊಂದಕ್ಕೂ 5,000 ಡಾಲರ್ ದಂಡ ಬಿದ್ದಿತ್ತು. ಸಂಬಳದಿಂದ ತೆರಿಗೆ ಇಲಾಖೆಯಾದ ಐಆರ್‌ಎಸ್ ನೇರವಾಗಿ ಹಿಡಿದುಕೊಳ್ಳುತ್ತಿತ್ತು. ಸಂಬಳದ ಚೀಟಿಯಲ್ಲಿ ಕೊನೆಗೆ ಉಳಿದ ಮೊತ್ತದ ಮೇಲೆ ಬೆರಳಿಟ್ಟು, "ಇದರಲ್ಲಿ ಮನೆ ಬಾಡಿಗೆಯೂ ಆಗಲ್ಲ" ಅಂದರು. ನಮೂನೆ ಮಾರಿದವನು ಫೋನ್ ಎತ್ತುತ್ತಿರಲಿಲ್ಲ. ಅವರನ್ನು ತೆರಿಗೆ ತಕರಾರಿನಲ್ಲಿ ನೆರವಾಗುವ ಟ್ಯಾಕ್ಸ್ ಕ್ಲಿನಿಕ್‌ಗೆ ಕಳಿಸಿದೆವು. ಆ ಚೀಲ ಇನ್ನೂ ಕಣ್ಣ ಮುಂದಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ತೆರಿಗೆ ದುಡ್ಡು ಖರ್ಚಾಗುವ ರೀತಿ ಇಷ್ಟವಿಲ್ಲದಿದ್ದರೆ ಜಗಳ ಆಡಿ, ಬರೆಯಿರಿ. ಕಾನೂನು ಕೊಡುವ ಕಡಿತ ಎಲ್ಲವನ್ನೂ ಬಳಸಿ. ಆದರೆ ನೀವು ಗ್ರೀನ್ ಕಾರ್ಡ್ ದಾರಿಯಲ್ಲಿದ್ದೀರಿ. ಮುಂದೆ ಪೌರತ್ವಕ್ಕೆ ಎನ್-400 ತುಂಬುವಾಗ ತೆರಿಗೆ ಬಾಕಿ ಇದೆಯಾ ಅಂತ ಕೇಳುತ್ತಾರೆ.

ಎಗ್ಸೆಂಪ್ಟ್ ಬರೆಯಬಹುದಾದವರು ಹೋದ ವರ್ಷ ತೆರಿಗೆಯೇ ಬರದ, ಈ ವರ್ಷವೂ ಬರಲಾರದು ಅನ್ನುವವರು ಮಾತ್ರ. ಈಗಾಗಲೇ ಬರೆದಿದ್ದರೆ ಪೇ ಸ್ಟಬ್ (ಸಂಬಳದ ಚೀಟಿ) ತೆಗೆದು, ಸಂಬಳದಿಂದ ಹಿಡಿದ ತೆರಿಗೆ ತೋರಿಸುವ ಫೆಡರಲ್ ವಿತ್‌ಹೋಲ್ಡಿಂಗ್ ಸಾಲಿನಲ್ಲಿ ಸೊನ್ನೆ ಇದೆಯಾ ನೋಡಿ. ಇದ್ದರೆ ನಾಳೆಯೇ ಹೊಸ ಡಬ್ಲ್ಯು-4 ಕೊಡಿ. ತಪ್ಪಿಹೋದಷ್ಟನ್ನು ಉಳಿದ ಸಂಬಳಗಳಿಗೆ ಭಾಗ ಮಾಡಿ ಹೆಚ್ಚುವರಿಯಾಗಿ ಹಿಡಿಯಬೇಕಾದ ತೆರಿಗೆಯ 4(ಸಿ) ಸಾಲಿನಲ್ಲಿ ಬರೆದರೆ ವರ್ಷದ ಕೊನೆಗೆ ಸರಿಹೋಗುತ್ತದೆ.